ಮೂರಾಣೆ ಲೆಕ್ಕದ ಲಕೋಟೆಗಳು: ಅಮೆರಿಕದ ಹಳೆ ಟಪಾಲಿನ 25ರ ಲಾಟ್ ಕೊಳ್ಳಬಹುದೇ?

‘ಸ್ಟಾಂಪ್‌ಲೆಸ್ ಕವರ್ಸ್, 1825ರಿಂದ 1855, 25 ನಗ, ಆಯ್ಕೆ ಮಾಡದ್ದು’ ಎಂಬ ಹೆಸರಿನಲ್ಲಿ ಅಂತರಜಾಲದ ಹರಾಜಿನಲ್ಲಿ ಬಿಕರಿಯಾಗುವ ಲಾಟ್ ಇದು. ಮಾರುವವರು ಅಮೆರಿಕದವರು. ಲಾಟಿಗೆ 160 ಡಾಲರ್, ಕಲಬುರಗಿವರೆಗಿನ ಟಪಾಲಿಗೆ 28 ಡಾಲರ್, ಒಟ್ಟು 188. ಅಂದರೆ ಒಂದು ಪತ್ರಕ್ಕೆ ಏಳೂವರೆ ಡಾಲರ್. ಬಿಡಿಯಾಗಿ ಕೊಂಡರೆ ಸಾಧಾರಣ ಪತ್ರವೊಂದು 5ರಿಂದ 20 ಡಾಲರ್‌ಗೆ ಸಿಗುತ್ತದೆ, ಹಾಗಾಗಿ ದರದಲ್ಲಿ ಮೋಸವಿಲ್ಲ. ಆದರೆ 25ಕ್ಕೆ 25 ಕೂಡ ಒಂದೇ ತೂಕದ ಮಾಲಲ್ಲ. ಬಿಚ್ಚಿ ಎಣಿಸಿದಾಗ ಬಂದ ಲೆಕ್ಕ ಹೀಗಿದೆ: ಒಳಗಿನ ಬರಹ ಪೂರ್ತಿ ಇರುವ ಪತ್ರ 13, ವಿಳಾಸದ ಹಾಳೆ ಮಾತ್ರ ಉಳಿದಿರುವುದು 7, ಬರೇ ಮುಂಭಾಗ ಕತ್ತರಿಸಿಟ್ಟದ್ದು 3, ಉಳಿದ ಎರಡು ಸ್ಟಾಂಪಿನ ಕಾಲದ ಲಕೋಟೆಗಳು. ಆ ಎರಡರಲ್ಲಿ ಒಂದರ ಸ್ಟಾಂಪನ್ನು ಯಾರೋ ಕಿತ್ತುಕೊಂಡಿದ್ದಾರೆ, ಅಂಟಿನ ಕಲೆ ಚೌಕವಾಗಿ ಹಾಗೇ ಉಳಿದಿದೆ. ಕೊಟ್ಟ ದುಡ್ಡು ಆ 13 ಪತ್ರಗಳಲ್ಲೇ ಹುಟ್ಟುತ್ತದೆ. ಉಳಿದವು ಕಲಿಯುವುದಕ್ಕೆ ಒದಗುವ ಸಾಮಾನು.

ಸ್ಟಾಂಪ್‌ಲೆಸ್ ಅಂದರೆ ಸ್ಟಾಂಪು ಕಳೆದುಹೋದದ್ದಲ್ಲ, ಸ್ಟಾಂಪೇ ಇಲ್ಲದ ವ್ಯವಸ್ಥೆಯಲ್ಲಿ ಹೋದದ್ದು. ಅಮೆರಿಕ ಸರ್ಕಾರದ ಮೊದಲ ಎರಡು ಸ್ಟಾಂಪುಗಳು, 5 ಸೆಂಟಿನ ಫ್ರಾಂಕ್ಲಿನ್ ಮತ್ತು 10 ಸೆಂಟಿನ ವಾಷಿಂಗ್ಟನ್, ಹೊರಬಂದದ್ದು 1847ರ ಜುಲೈ 1ರಂದು. ಆಮೇಲೂ ಎಂಟು ವರ್ಷ ಸ್ಟಾಂಪು ಹಚ್ಚುವುದು ಕಡ್ಡಾಯವಿರಲಿಲ್ಲ. 1855ರಲ್ಲಿ ಮುಂಗಡ ಪಾವತಿ ಕಡ್ಡಾಯವಾಯಿತು, 1856ರ ಜನವರಿ 1ರಿಂದ ಸ್ಟಾಂಪೂ ಕಡ್ಡಾಯವಾಯಿತು. ಅದಕ್ಕೂ ಮುಂಚೆ ಕಚೇರಿಯವರು ಪತ್ರದ ಮೇಲೆ ಊರಿನ ಠಸ್ಸೆ ಒತ್ತಿ, ಬಲಮೂಲೆಯಲ್ಲಿ ದರವನ್ನು ಲೇಖನಿಯಿಂದ ಬರೆಯುತ್ತಿದ್ದರು. ಬಹಳಷ್ಟು ಪತ್ರಗಳಿಗೆ ದುಡ್ಡು ಕೊಡುತ್ತಿದ್ದವರು ಪಡೆಯುವವರೇ. ಈ ಸಂಗ್ರಹದ ಜೀವ ಇರುವುದು ಆ ಮೂಲೆಯ ಅಂಕಿಯಲ್ಲಿ. ಠಸ್ಸೆಯ ಚಂದಕ್ಕೆ ಮರುಳಾಗಿ ಅಂಕಿ ಓದದೆ ಕೊಂಡರೆ ಅರ್ಧ ಸಂಗತಿ ಕೈತಪ್ಪುತ್ತದೆ.

ಅಂಕಿ ಓದುವುದಕ್ಕೆ ದರಪಟ್ಟಿ ಬಾಯಿಪಾಠವಾಗಿರಬೇಕು. 1816ರ ಮೇ 1ರಿಂದ ಒಂದು ಹಾಳೆಯ ಪತ್ರಕ್ಕೆ 30 ಮೈಲಿವರೆಗೆ 6 ಸೆಂಟು, 80 ಮೈಲಿವರೆಗೆ 10, 150ರವರೆಗೆ 12½, 400ರವರೆಗೆ 18½, ಅದರಾಚೆ 25. 1825ರಲ್ಲಿ ಆ 18½ ಮಾತ್ರ 18¾ ಆಯಿತು. ಎರಡು ಹಾಳೆಗೆ ಎರಡರಷ್ಟು, ಮೂರಕ್ಕೆ ಮೂರರಷ್ಟು. 1845ರ ಜುಲೈ 1ರಂದು ಇಡೀ ಪದ್ಧತಿಯೇ ಬದಲಾಗಿ ಹಾಳೆಯ ಲೆಕ್ಕ ಹೋಯಿತು, ತೂಕದ ಲೆಕ್ಕ ಬಂತು: ಅರ್ಧ ಔನ್ಸಿಗೆ 300 ಮೈಲಿಯೊಳಗೆ 5 ಸೆಂಟು, ಅದಕ್ಕಿಂತ ದೂರಕ್ಕೆ 10. 1851ರ ಜುಲೈ 1ರಿಂದ 3,000 ಮೈಲಿಯೊಳಗೆ ಮುಂಗಡ ಕೊಟ್ಟರೆ 3, ಕೊಡದಿದ್ದರೆ 5.

ಹನ್ನೆರಡೂವರೆ, ಹದಿನೆಂಟೂ ಮುಕ್ಕಾಲು ಎಂಬ ಈ ವಿಚಿತ್ರ ಅಂಕಿಗಳು ಹೊಸಬರನ್ನು ಹೆದರಿಸುತ್ತವೆ. ಆಣೆ ಲೆಕ್ಕ ಕೇಳಿ ಬೆಳೆದ ಮನೆಗಳಲ್ಲಿ ಇದು ಕಷ್ಟವೇ ಅಲ್ಲ. ಆಗ ಅಮೆರಿಕದ ಕೈಯಲ್ಲಿ ಓಡಾಡುತ್ತಿದ್ದದ್ದು ಸ್ಪೇನಿನ ಬೆಳ್ಳಿ ನಾಣ್ಯ, ಒಂದು ಡಾಲರಿಗೆ ಎಂಟು ರಿಯಾಲ್. ಒಂದು ರಿಯಾಲ್ ಅಂದರೆ 12½ ಸೆಂಟು, ನಮ್ಮ ರೂಪಾಯಿಯಲ್ಲಿ ಎರಡಾಣೆ ಇದ್ದ ಹಾಗೆ. ಒಂದೂವರೆ ರಿಯಾಲ್ 18¾, ಅದು ಮೂರಾಣೆ. ಎರಡು ರಿಯಾಲ್ 25, ಅದು ಪಾವಲಿ. ಈ ಹೋಲಿಕೆ ಒಮ್ಮೆ ತಲೆಯಲ್ಲಿ ಕೂತರೆ ಪತ್ರದ ಮೂಲೆಯ ಗೀಚು ಓದುವುದು ಹಳೆ ಕಿರಾಣಿ ಚೀಟಿ ಓದಿದಷ್ಟೇ ಸಲೀಸು.

ಇನ್ನು ಮಾಲಿನ ವಿಚಾರ. ಲಾಟಿನಲ್ಲಿ ಬಾಸ್ಟನ್ನಿಂದ ನ್ಯೂಯಾರ್ಕಿಗೆ ಹೋದ 1836ರ ಪತ್ರವೊಂದಿದೆ. ಇದನ್ನು ಅಳತೆಗೋಲಾಗಿ ಇಟ್ಟುಕೊಂಡು ಉಳಿದವನ್ನು ನೋಡಬಹುದು. ಕೆನೆ ಬಣ್ಣದ ದಪ್ಪ ಕಾಗದ, ಬೆರಳಿನಿಂದ ಸವರಿದರೆ ಬಟ್ಟೆಯಂತೆ ತುಸು ಒರಟು. ಆಗಿನ ಕಾಗದ ಚಿಂದಿ ಅರಿವೆಯಿಂದ ಮಾಡಿದ್ದು, ಅದಕ್ಕೇ ಸುಮಾರು ಇನ್ನೂರು ವರ್ಷ ಹತ್ತಿರವಾದರೂ ಹಳದಿಯಾಗಿಲ್ಲ. ಒಂದೇ ದೊಡ್ಡ ಹಾಳೆಯನ್ನು ನಡುವೆ ಮಡಚಿ ನಾಲ್ಕು ಪುಟ ಮಾಡಿದ್ದಾರೆ. ಮೂರು ಪುಟ ಬರಹ, ನಾಲ್ಕನೆಯದು ವಿಳಾಸಕ್ಕೆ. ಅಂಚುಗಳನ್ನು ಒಳಗೆ ಸೇರಿಸಿ ಅಂಗೈಯಗಲಕ್ಕೆ ಮಡಚಿ ಕೆಂಪು ಅರಗು ಹಚ್ಚಿದ್ದಾರೆ. ಪ್ರತ್ಯೇಕ ಲಕೋಟೆ ಯಾಕಿಲ್ಲ ಅಂದರೆ, ಲಕೋಟೆಯೂ ಒಂದು ಹಾಳೆ ಎಂದು ಲೆಕ್ಕವಾಗಿ ದರ ಎರಡರಷ್ಟಾಗುತ್ತಿತ್ತು. ಎಡಕ್ಕೆ ಕೆಂಪು ಮಸಿಯ ದುಂಡು ಠಸ್ಸೆ, ಅದರೊಳಗೆ ಮಾರ್ಚ್ 14. ಬಲಕ್ಕೆ 18¾. ಅರಗಿನ ಎದುರಿಗೆ ಹಾಳೆಯಲ್ಲಿ ಇಲಿ ಕಚ್ಚಿದಂಥ ತೂತು. ಅದು ಕೊರತೆಯಲ್ಲ, ಪತ್ರ ಬಿಚ್ಚುವಾಗ ಅರಗಿನ ಜೊತೆ ಕಾಗದ ಕಿತ್ತು ಬಂದ ಗುರುತು. ಪತ್ರ ಖರೇನೇ ಟಪಾಲಿನಲ್ಲಿ ಹೋಗಿ ಒಬ್ಬರ ಕೈಯಲ್ಲಿ ಬಿಚ್ಚಿಸಿಕೊಂಡಿದೆ ಎಂಬುದಕ್ಕೆ ಅದಕ್ಕಿಂತ ಛಲೋ ಸಾಕ್ಷಿ ಬೇಕಿಲ್ಲ.

ಠಸ್ಸೆಯಲ್ಲಿ ತಿಂಗಳು, ತಾರೀಖು ಇದೆ, ವರ್ಷ ಇಲ್ಲ. ಈ ಕಾಲದ ಬಹುಪಾಲು ಅಮೆರಿಕನ್ ಠಸ್ಸೆಗಳು ಹೀಗೇ. ವರ್ಷ ಸಿಗುವುದು ಒಳಗಿನ ಪತ್ರದ ತಲೆಯಲ್ಲಿ, ಇಲ್ಲವೇ ಪಡೆದವರು ಮಡಿಕೆಯ ಅಂಚಿನಲ್ಲಿ ಬರೆದಿಟ್ಟ ಟಿಪ್ಪಣಿಯಲ್ಲಿ. ವ್ಯಾಪಾರಿಗಳು ಯಾರಿಂದ ಬಂತು, ಯಾವತ್ತು ಬಂತು, ಯಾವತ್ತು ಉತ್ತರ ಹೋಯಿತು ಎಂದು ಅಲ್ಲಿ ಗೀಚಿ ಕಟ್ಟು ಕಟ್ಟುತ್ತಿದ್ದರು. ಬರಹದ ನಡುವೆ ‘10ಥ್ ಇನ್ಸ್ಟ್.’ ಅಂದರೆ ಇದೇ ತಿಂಗಳ 10, ‘ಅಲ್ಟ್.’ ಅಂದರೆ ಹೋದ ತಿಂಗಳು. ಅಂಕಿಯಲ್ಲಿ ಬರೆದ ತಾರೀಖಿನಲ್ಲಿ ತಿಂಗಳು ಮೊದಲು ಬರುತ್ತದೆ, 9/12 ಅಂದರೆ ಸೆಪ್ಟೆಂಬರ್ 12. ನಿಜಾಮರ ಕಾಲದ ಕಲಬುರಗಿ, ಬೀದರ್ ಠಸ್ಸೆ ಓದಿ ಅಭ್ಯಾಸವಿರುವವರಿಗೆ ಈ ಶ್ರಮ ಹೊಸದಲ್ಲ. ಅಲ್ಲಿ ಫಸಲಿ, ಅಂದರೆ ಆಗಿನ ಕಂದಾಯ ಲೆಕ್ಕದ ವರ್ಷಕ್ಕೆ 590 ಕೂಡಿಸಿ ಇಸವಿ ತೆಗೆಯುತ್ತೇವೆ, 1340 ಇದ್ದರೆ ಸುಮಾರು 1930. ಇಲ್ಲಿ ದರವನ್ನು ನೋಡಿ ಇಸವಿ ಬಿಗಿ ಮಾಡುತ್ತೇವೆ.

ಹಾಗೆ ಬಿಗಿ ಮಾಡುವಾಗಲೇ ಲಾಟಿನ ಒಂದು ಪತ್ರ ಸಿಕ್ಕಿಬಿತ್ತು. ಮಾರಾಟಗಾರರ ಪಟ್ಟಿಯಲ್ಲಿ ‘1843, ಫಿಲಡೆಲ್ಫಿಯಾದಿಂದ ನ್ಯೂಯಾರ್ಕಿಗೆ’ ಎಂದಿದೆ, ಒಳಗಿನ ಪತ್ರದ ತಲೆಯಲ್ಲೂ 1843 ಇದೆ. ಹೊರಗೆ ನೀಲಿ ಠಸ್ಸೆ, ಪಕ್ಕದಲ್ಲಿ 5 ಎಂಬ ಅಂಕಿ. 1843ರಲ್ಲಿ ಈ ದೂರಕ್ಕೆ 12½ ಇರಬೇಕು. 5 ಬರುವುದು 1845ರ ಜುಲೈ ಆದಮೇಲೆಯೇ. ಬಿಚ್ಚಿ ನೋಡಿದರೆ ಹೊರಹಾಳೆ ಕೆನೆ ಬಣ್ಣ, ಒಳಹಾಳೆ ತಿಳಿನೀಲಿ. ಹೊರಗಿನ ಮಡಿಕೆ ಗೆರೆಗೂ ಒಳಗಿನ ಗೆರೆಗೂ ಒಂದು ಬೆರಳು ಅಂತರವಿದೆ. ಎರಡು ಬೇರೆ ಬೇರೆ ಪತ್ರಗಳನ್ನು ಯಾವುದೋ ಕಾಲದಲ್ಲಿ ಯಾರೋ ಒಂದರೊಳಗೊಂದು ಇಟ್ಟಿದ್ದಾರೆ. ಬೇಕೆಂದೇ ಮಾಡಿದ್ದೋ ಗಡಿಬಿಡಿಯಲ್ಲಿ ಆದದ್ದೋ, ಬೆಲೆಯ ಮಟ್ಟಿಗೆ ಎರಡೂ ಒಂದೇ. ಊರು, ದರ, ಬರಹದ ತಾರೀಖು ಈ ಮೂರೂ ಒಂದಕ್ಕೊಂದು ಕೂಡಿಬರಬೇಕು. ಒಂದು ತಪ್ಪಿದರೂ ಮಡಿಕೆ ಗೆರೆ ನೋಡುವುದು ಮೊದಲ ಕೆಲಸ.

ಇನ್ನೊಂದು ಪತ್ರ ಇದಕ್ಕೆ ತಿರುಗಾಮುರುಗಾ. ನ್ಯೂಯಾರ್ಕಿನಿಂದ ಫಿಲಡೆಲ್ಫಿಯಾಕ್ಕೆ, 1832, ದರ 25. ಪಟ್ಟಿಯಲ್ಲಿ ಅದನ್ನು ‘ದರ ತಪ್ಪಿದ ಅಪರೂಪದ್ದು’ ಎಂದು ಹೊಗಳಿದ್ದಾರೆ. ದರ ತಪ್ಪಿಲ್ಲ. ಎರಡು ಹಾಳೆಯ ಪತ್ರ ಅದು, ಹನ್ನೆರಡೂವರೆಯ ಎರಡರಷ್ಟು. ಈಗ ಉಳಿದಿರುವುದು ಒಂದೇ ಹಾಳೆ. ಅಂಕಿಯೇ ಹೇಳುತ್ತಿದೆ, ಇನ್ನೊಂದು ಕಳೆದಿದೆ ಎಂದು. ಅಪರೂಪ ಅಲ್ಲ, ಅಪೂರ್ಣ.

ಲಾಟಿನ ನಿಜವಾದ ಗಳಿಕೆ ಪಟ್ಟಿಯಲ್ಲಿ ಹೆಸರೇ ಇಲ್ಲದ ಒಂದು ಕೊಳಕು ಪತ್ರ. ಬಾಸ್ಟನ್ ಠಸ್ಸೆ, ಪಕ್ಕದಲ್ಲಿ ‘ಶಿಪ್’ ಎಂಬ ಮುದ್ರೆ, ಮೂಲೆಯಲ್ಲಿ 20¾. ದರಪಟ್ಟಿಯಲ್ಲಿ ಎಲ್ಲೂ ಇಲ್ಲದ ಅಂಕಿ ಇದು. ಹಡಗಿನಲ್ಲಿ ಬಂದ ಪತ್ರಕ್ಕೆ ಒಳನಾಡಿನ ದರದ ಮೇಲೆ ಎರಡು ಸೆಂಟು ಸೇರುತ್ತಿತ್ತು. 18¾ಕ್ಕೆ 2 ಕೂಡಿಸಿದರೆ 20¾. ಪತ್ರ ಸಮುದ್ರ ದಾಟಿ ಬಾಸ್ಟನ್ ಬಂದರಿಗಿಳಿದು ಅಲ್ಲಿಂದ ನ್ಯೂಯಾರ್ಕಿಗೆ ಹೋಗಿದೆ. ಬಂದರಿನ ಊರಲ್ಲೇ ಬಟವಾಡೆಯಾಗಿದ್ದರೆ ಬರೇ 6 ಇರುತ್ತಿತ್ತು. ದೂರದ ಊರಿಗಾದರೆ 27 ಕಂಡರೂ ಕಾಣಬಹುದು, 25ಕ್ಕೆ 2. ಲಾಟ್ ಹರವಿದ ತಕ್ಷಣ ಮೂಲೆಗಳಲ್ಲಿ 14½, 20¾, 27 ಇವೆಯೇ ಎಂದು ಹುಡುಕುವುದು ಒಳ್ಳೆಯ ರೂಢಿ.

‘ಫ್ರೀ’ ಎಂದು ಬರೆದ ಎರಡು ಪತ್ರಗಳನ್ನು ಮಾರಾಟಗಾರರು ದಪ್ಪ ಅಕ್ಷರದಲ್ಲಿ ಕೂಗಿದ್ದಾರೆ. ಅವು ಊರಿನ ಪೋಸ್ಟ್‌ಮಾಸ್ಟರು ತಮ್ಮ ಹಕ್ಕಿನಿಂದ ಉಚಿತವಾಗಿ ಕಳಿಸಿದವು, ಸಹಿಯ ಮುಂದೆ ‘ಪಿ.ಎಂ.’ ಇದೆ. ಇಂಥವು ಸಾಧಾರಣ ಸಿಗುತ್ತವೆ, ಹೆಚ್ಚು ಕೊಡಬಾರದು. ಬೆಂಜಮಿನ್ ಫ್ರಾಂಕ್ಲಿನ್ 1775ರ ಜುಲೈ 26ರಂದು ಪೋಸ್ಟ್‌ಮಾಸ್ಟರ್ ಜನರಲ್ ಆದವರು. ಸಹಿಯ ನಡುವೆ ‘ಫ್ರೀ’ ಸೇರಿಸಿ ‘ಬಿ ಫ್ರೀ ಫ್ರಾಂಕ್ಲಿನ್’ ಎಂದು ಬರೆಯುತ್ತಿದ್ದ ಅವರ ಲಕೋಟೆ ಇಂಥ ಲಾಟಿನಲ್ಲಿ ಬರುವ ಮಾತೇ ಇಲ್ಲ. ಪೋನಿ ಎಕ್ಸ್‌ಪ್ರೆಸ್ಸಿನದೂ ಅದೇ ಕಥೆ. ಸೇಂಟ್ ಜೋಸೆಫ್‌ನಿಂದ ಸ್ಯಾಕ್ರಮೆಂಟೊಗೆ ಕುದುರೆಯ ಮೇಲೆ ಟಪಾಲು ಓಡಿದ್ದು 1860ರ ಏಪ್ರಿಲ್ 3ರಿಂದ 1861ರ ಅಕ್ಟೋಬರಿನವರೆಗೆ ಮಾತ್ರ. ಶುರುವಿನಲ್ಲಿ ಅರ್ಧ ಔನ್ಸಿಗೆ 5 ಡಾಲರ್ ದರವಿದ್ದ ಸೇವೆ ಅದು, ಉಳಿದಿರುವ ಪತ್ರಗಳು ಬಹಳ ಕಡಿಮೆ, ನಕಲಿಗಳು ಬಹಳ ಹೆಚ್ಚು. ನಲವತ್ತು ಡಾಲರಿಗೆ ಯಾರಾದರೂ ತೋರಿಸಿದರೆ ನೆನಪಿನ ಲಕೋಟೆ ಎಂದೇ ತಿಳಿಯಬೇಕು.

ಪರೀಕ್ಷೆಗೆ ಬೇಕಾದ ಸಾಮಾನು ಸ್ವಲ್ಪವೇ. ಸರಾಫರು ಬಳಸುವ 10 ಪಟ್ಟಿನ ಭೂತಗನ್ನಡಿ. ನೋಟು ನೋಡುವ ನೇರಳಾತೀತ (ಯುವಿ) ಬೆಳಕಿನ ಟಾರ್ಚು, 365 ನ್ಯಾನೋಮೀಟರಿನದು. ಕತ್ತಲೆ ಕೋಣೆಯಲ್ಲಿ ಹಿಡಿದರೆ ಹಳೆ ಚಿಂದಿ ಕಾಗದ ಮಂಕಾಗಿ ಕಾಣುತ್ತದೆ, ಈಚಿನ ಕಾಗದದ ತೇಪೆ ಬೆಳ್ಳಗೆ ನೀಲಿಯಾಗಿ ಹೊಳೆಯುತ್ತದೆ. ಲಾಟಿನ ಒಂದು ಪತ್ರದ ಮಡಿಕೆಯ ಹಿಂದೆ ಅಂಥ ತೇಪೆ ಸಿಕ್ಕಿತು, ಮಾರಾಟಗಾರರ ಪಟ್ಟಿಯಲ್ಲಿ ಆ ವಿಷಯ ಹೇಳಿರಲಿಲ್ಲ. ಮಸುಕಾದ ಠಸ್ಸೆಗೆ 600 ಡಿಪಿಐ ಸ್ಕ್ಯಾನ್ ಮಾಡಿ ಬಣ್ಣಗಳನ್ನು ಬೇರ್ಪಡಿಸಿ ನೋಡಬೇಕು. ನೀಲಿ ಪದರದಲ್ಲಿ ಕೆಂಪು ಠಸ್ಸೆ ಕಪ್ಪಾಗಿ ಎದ್ದು ಬರುತ್ತದೆ, ಕೆಂಪು ಪದರದಲ್ಲಿ ಮಾಯವಾಗಿ ಅದರಡಿಯ ಬರಹ ಓದಲು ಬರುತ್ತದೆ. ಪೆನ್ಸಿಲ್, ರಬ್ಬರು, ಒದ್ದೆ ಹತ್ತಿ ಯಾವುದೂ ಹತ್ತಿರ ಬರಬಾರದು.

ಪ್ಯಾಕಿಂಗಿಗೆ ಅರ್ಧ ಮಾರ್ಕು. ಎರಡು ಗಟ್ಟಿ ರಟ್ಟುಗಳ ನಡುವೆ ಇಟ್ಟು ನೀರು ತಾಗದಂತೆ ಸುತ್ತಿದ್ದಾರೆ, ಒಂದು ಮೂಲೆಯೂ ಮುದುಡಿಲ್ಲ. ಆದರೆ ಪತ್ರಗಳನ್ನು ಹಾಕಿಕೊಟ್ಟ ತೊಗಲಿನಂಥ ಮೆತ್ತನೆ ಪ್ಲಾಸ್ಟಿಕ್ ಜೇಬುಗಳು ಪಿವಿಸಿ. ಮೂಗಿಗೆ ಹೊಸ ಚಪ್ಪಲಿ ವಾಸನೆ ಬಂದರೆ, ಬೆರಳಿಗೆ ಅಂಟಿದಂತಾದರೆ ಅನುಮಾನ ಪಡಬೇಕು. ಖಾತ್ರಿಗೆ ಖಾಲಿ ಜೇಬಿನ ಚೂರು ಕತ್ತರಿಸಿ, ಮನೆಯ ಹೊರಗೆ, ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ ಆ ಚೂರಿಗೆ ಒತ್ತಿ ಮತ್ತೆ ಉರಿಗೆ ಹಿಡಿಯಬೇಕು. ಜ್ವಾಲೆ ಹಸಿರಾದರೆ ಪಿವಿಸಿ. ಹೊಗೆ ಕೆಟ್ಟದ್ದು, ಮೂಗು ದೂರ ಇರಲಿ. ಪಿವಿಸಿಯನ್ನು ಮೆತ್ತಗೆ ಮಾಡಲು ಸೇರಿಸಿದ ಎಣ್ಣೆಯಂಥ ಪದಾರ್ಥ ಕಾಲಕ್ರಮೇಣ ಹೊರಗೆ ಜಿನುಗಿ ಮಸಿಯನ್ನು ಎಬ್ಬಿಸುತ್ತದೆ. ಬಾಸ್ಟನ್ನಿನಂಥ ತಂಪು ಊರಲ್ಲಿ ಅದಕ್ಕೆ ವರ್ಷಗಟ್ಟಲೆ ಬೇಕು, ನಮ್ಮ ಏಪ್ರಿಲ್-ಮೇ ತಿಂಗಳ 42, 43 ಡಿಗ್ರಿಯಲ್ಲಿ ಅಷ್ಟು ಕಾಲ ಕಾಯುವುದಿಲ್ಲ. ಬಂದ ದಿನವೇ ತೆಗೆದು 50ರಿಂದ 75 ಮೈಕ್ರಾನಿನ ಪಾಲಿಯೆಸ್ಟರ್ ಜೇಬಿಗೆ ಹಾಕಬೇಕು, ಎರಡು ಕಡೆ ತೆರೆದಿರುವಂಥದು. ಶಾಲೆ ಮಕ್ಕಳ ಪಾರದರ್ಶಕ ಫೈಲು ಇದಕ್ಕೆ ನಡೆಯುವುದಿಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದರೆ ಪತ್ರ ಅವತ್ತೇ ಸತ್ತಂತೆ.

ಬಿಚ್ಚುವುದಕ್ಕೂ ಹೊತ್ತು ನೋಡಬೇಕು. ಆ ಕಾಲದ ಮಸಿ ಮಾಚಿಕಾಯಿ ಮತ್ತು ಅನ್ನಭೇದಿಯಿಂದ ಮಾಡಿದ್ದು. ಅದರಲ್ಲಿ ಆಮ್ಲದ ಅಂಶವಿದೆ, ದಪ್ಪಗೆ ಬರೆದ ಕಡೆ ಕಾಗದವನ್ನು ತಿಂದಿರುತ್ತದೆ. ಮೇ ತಿಂಗಳ ಒಣಗಾಳಿಯ ಮಧ್ಯಾಹ್ನ ಮಡಿಕೆ ಬಿಡಿಸಿದರೆ ಅಂಥ ಸಾಲಿನುದ್ದಕ್ಕೂ ಕಾಗದ ಹಪ್ಪಳದಂತೆ ಮುರಿಯುತ್ತದೆ. ಪೊಟ್ಟಣವನ್ನು ಕೋಣೆಯಲ್ಲಿ ಒಂದು ದಿನ ಹಾಗೇ ಬಿಟ್ಟು, ಮಾರನೇ ದಿನ ಬೆಳಿಗ್ಗೆ, ಫ್ಯಾನ್ ಆರಿಸಿ, ಕೈ ತೊಳೆದು ಒರೆಸಿಕೊಂಡು ಬಿಚ್ಚುವುದು ಸರಿ. ಒಮ್ಮೆ ಬಿಚ್ಚಿ ಎಲ್ಲ ಪುಟ ಸ್ಕ್ಯಾನ್ ಮಾಡಿದ ಮೇಲೆ ಮತ್ತೆ ಮತ್ತೆ ಮಡಚಿ ಬಿಚ್ಚುವುದು ಬೇಡ.

ಇಲ್ಲಿ ಜನ ಹೆಚ್ಚು ತಪ್ಪುವುದು ಕೂಲರ್ ವಿಷಯದಲ್ಲಿ. ಕಲಬುರಗಿ, ಯಾದಗಿರಿಯಲ್ಲಿ ಕೂಲರಿಲ್ಲದೆ ಬ್ಯಾಸಗಿ ಕಳೆಯುವುದಿಲ್ಲ, ಅದು ಇರುವ ಕೋಣೆಯಲ್ಲೇ ಅಲ್ಮಾರಿಯೂ ಇರುತ್ತದೆ. ಹಗಲೆಲ್ಲ ತೇವದ ಗಾಳಿ, ಆರಿಸಿದ ಮೇಲೆ ಒಣಗಾಳಿ. ಕಾಗದ ದಿನಕ್ಕೊಮ್ಮೆ ಉಬ್ಬಿ ಕುಗ್ಗಿ ಅಲೆಅಲೆಯಾಗುತ್ತದೆ, ಅರಗು ಬಿರುಕು ಬಿಡುತ್ತದೆ. ಸಂಗ್ರಹ ಬೇರೆ ಕೋಣೆಯಲ್ಲಿರಲಿ, ಪಡುವಣ ಬಿಸಿಲು ಬೀಳುವ ಗೋಡೆಗೆ ಕಬ್ಬಿಣದ ಅಲ್ಮಾರಿ ತಾಗದಿರಲಿ. ತೇವಾಂಶ ತೋರಿಸುವ ಚಿಕ್ಕ ಡಿಜಿಟಲ್ ಮೀಟರು ಒಳಗಿಟ್ಟು ನೂರಕ್ಕೆ 45ರಿಂದ 55ರೊಳಗೆ ಹೆಚ್ಚು ಏರಿಳಿತವಿಲ್ಲದಂತೆ ನೋಡಿಕೊಂಡರೆ ಸಾಕು. ಮಳೆಗಾಲದಲ್ಲಿ ಸಿಲಿಕಾ ಜೆಲ್, ಬಣ್ಣ ಬದಲಾದಾಗ ಕಾಯಿಸಿ ಮತ್ತೆ ಬಳಸುವಂಥದು. ನುಸಿಗುಳಿಗೆ ಹತ್ತಿರ ಬೇಡ, ಅದರ ಆವಿ ಪ್ಲಾಸ್ಟಿಕ್ಕಿಗೂ ತಗುಲುತ್ತದೆ. ಅರಗು ಇರುವ ಪತ್ರಗಳನ್ನು ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಬೇಕು, ಇಲ್ಲದಿದ್ದರೆ ಉಬ್ಬು ಎದುರಿನ ಹಾಳೆಗೆ ಗುರುತು ಒತ್ತುತ್ತದೆ.

ಮಾರಾಟಗಾರರ ನಡವಳಿಕೆ ಒಟ್ಟಿನಲ್ಲಿ ಚೊಕ್ಕ. ಕತ್ತರಿಸಿದ ಮೂರು ಮುಂಭಾಗಗಳ ಫೋಟೊ ಕಳಿಸಿ ಕೇಳಿದ್ದಕ್ಕೆ 18 ಡಾಲರ್ ವಾಪಸ್ ಹಾಕಿದ್ದಾರೆ. ಕಸ್ಟಮ್ಸಿನ ಸಿಎನ್ 22 ಚೀಟಿಯಲ್ಲಿ ಬೆಲೆಯನ್ನು ಇದ್ದದ್ದಿದ್ದಂತೆ ಬರೆದಿದ್ದಾರೆ. ಕಡಿಮೆ ಬರೆಯಿರಿ ಎಂದು ಕೇಳುವ ಕೊಳ್ಳುಗರಿದ್ದಾರೆ, ಪೊಟ್ಟಣ ಕಳೆದರೆ ಪರಿಹಾರವೂ ಅಷ್ಟಕ್ಕೇ ನಿಲ್ಲುತ್ತದೆ. ಕೊರತೆ ಏನೆಂದರೆ ಪಟ್ಟಿಯಲ್ಲಿ ಹಿಂಭಾಗದ ಒಂದು ಫೋಟೊವೂ ಇಲ್ಲ. ದುಡ್ಡು ಹಾಕುವ ಮುಂಚೆ ಕೇಳಬೇಕಾದ್ದು ನಾಲ್ಕೇ ಮಾತು: ಹಿಂಭಾಗದ ಚಿತ್ರ, ಒಳಬರಹ ಇರುವ ಪತ್ರಗಳ ಸಂಖ್ಯೆ, ಬರೇ ಮುಂಭಾಗ ಎಷ್ಟು, ತೇಪೆ ಎಲ್ಲಿದೆ.

ದೊಡ್ಡ ಬೆಲೆಯ ಒಂದೇ ಪತ್ರ ಕೊಳ್ಳುವ ಮನಸ್ಸಿದ್ದರೆ ಪ್ರಮಾಣಪತ್ರ ಬೇಕು. ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಶನ್, ಅಮೆರಿಕನ್ ಫಿಲಾಟೆಲಿಕ್ ಸೊಸೈಟಿ ಆ ಕೆಲಸ ಮಾಡುತ್ತವೆ. ಆದರೆ ಪತ್ರ ಅಲ್ಲಿಂದ ಹೊರಡುವ ಮುಂಚೆಯೇ ಮಾರಾಟಗಾರರ ಕಡೆಯಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕು. ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ಭಾರತದಿಂದ ಹೊರಗೆ ಕಳಿಸಲು 1972ರ ಕಾಯ್ದೆಯ ಕಟ್ಟು ಇದೆ. ಇಲ್ಲಿಗೆ ತರಿಸಿಕೊಂಡು ಆಮೇಲೆ ಪರೀಕ್ಷೆಗೆ ಕಳಿಸಿದರಾಯಿತು ಎಂದುಕೊಂಡವರು ತೊಡಕಿಗೆ ಸಿಕ್ಕುತ್ತಾರೆ.

ಇದೇ ಮಾರಾಟಗಾರರ ಹತ್ತಿರ 1845ರಿಂದ 1855ರ ಹತ್ತರ ಲಾಟ್ ಕೂಡ ಇದೆ, ಅಗ್ಗ. ಅದರಲ್ಲಿ ಹೆಚ್ಚಾಗಿ ಬರುವುದು 5, 10, 3 ಈ ಅಂಕಿಗಳೇ. ದರ ಬಿಡಿಸುವ ಕೆಲಸ ಕಡಿಮೆ, ಆದರೆ ಠಸ್ಸೆಗಳು ಸ್ಫುಟ, ನೀಲಿ ಕೆಂಪು ಎರಡೂ ಬಣ್ಣ ಸಿಗುತ್ತವೆ. ಗೋಡೆಗೆ ಚೌಕಟ್ಟು ಹಾಕಿಸುವವರಿಗೆ ಅದು ಸಾಕು. ಲೆಕ್ಕ ಬಿಡಿಸುವ ಖುಷಿ ಬೇಕಾದವರು 25ರದನ್ನೇ ತರಿಸಲಿ. ಬೀದರಿನಲ್ಲಿ ಅಮೆರಿಕದ ಮೆಥೋಡಿಸ್ಟ್ ಮಿಷನ್ನಿನವರು ಕೆಲಸ ಮಾಡಿದ್ದರಿಂದ ಅಲ್ಲಿಂದ ಇಲ್ಲಿಗೆ ಬಂದ ಪತ್ರಗಳನ್ನು ಹುಡುಕುವವರು ನಮ್ಮಲ್ಲಿದ್ದಾರೆ. ಅವು ಈ ಲಾಟಿನ ಕಾಲಕ್ಕೆ ಸೇರಿದವಲ್ಲ. 1900ರ ಆಸುಪಾಸಿನವು ಬೇಕಾದರೆ ಹುಡುಕುವ ಅಂಕಿ ಬೇರೆ: ಸಾದಾ ಪತ್ರಕ್ಕೆ 5 ಸೆಂಟಿನ ಸ್ಟಾಂಪು, ಹಿಂದೆ ಭಾರತದ ಬಟವಾಡೆ ಠಸ್ಸೆ.